ಪ್ರಶಸ್ತಿಗೆ ಸಂದ ಹಾಡು, ನಾಲಿಗೆಯಲ್ಲಿ ನಿಂತ ಹಾಡು: ತೊಂಬತ್ತರ ದಶಕದ ಕನ್ನಡ ಜನಪ್ರಿಯ ಸಂಗೀತ



ದತ್ತಿ ಉಪನ್ಯಾಸವೆಂದರೆ ವಚನ, ದಾಸ ಸಾಹಿತ್ಯ, ನವೋದಯ ಕಾವ್ಯ ಇಂಥ ವಿಷಯಗಳನ್ನು ಆರಿಸಿಕೊಳ್ಳುವುದು ವಾಡಿಕೆ. ಕ್ಯಾಸೆಟ್ಟಿನ ಹಾಡು, ಪಾಪ್, ರಾಕ್ ಎಂಬ ಮಾತುಗಳಿಗೆ ಇಂಥ ವೇದಿಕೆ ಸುಲಭವಾಗಿ ಸಿಗುವುದಿಲ್ಲ. ಸಂಘಟಕರು ಈ ವಿಷಯವನ್ನು ಒಪ್ಪಿಕೊಂಡದ್ದಕ್ಕೆ ಅವರಿಗೆ ಕೃತಜ್ಞನಾಗಿದ್ದೇನೆ. ಒಂದು ಕಾಲದ ಜನ ಏನನ್ನು ಓದಿದರು ಎಂಬುದು ಎಷ್ಟು ಮುಖ್ಯವೋ, ಹೊಲದಲ್ಲಿ, ಬಸ್ಸಿನಲ್ಲಿ, ಮದುವೆಯ ಚಪ್ಪರದಲ್ಲಿ ಏನನ್ನು ಹಾಡಿಕೊಂಡರು ಎಂಬುದೂ ಅಷ್ಟೇ ಮುಖ್ಯ. ಅದು ಅವರ ಭಾಷೆಯ ಇತಿಹಾಸವೇ.

ಮೊದಲಿಗೆ ನನ್ನ ಮಾತಿನ ವ್ಯಾಪ್ತಿಯನ್ನು ತಿಳಿಸುತ್ತೇನೆ. ನಾನು ಮಾತನಾಡಲಿರುವುದು ಕಳೆದ ಶತಮಾನದ ಕೊನೆಯ ದಶಕದ ಬಗ್ಗೆ, ಅದರಲ್ಲಿಯೂ ಪ್ರಶಸ್ತಿ ಪಡೆದ ಕನ್ನಡ ಜನಪ್ರಿಯ ಹಾಡುಗಳ ಬಗ್ಗೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಪಾಪ್ ಮತ್ತು ರಾಕ್ ಸಂಗೀತ ಸಿನಿಮಾದ ಹಂಗಿಲ್ಲದೆ, ವಾದ್ಯವೃಂದಗಳ ಆಲ್ಬಮ್ಮುಗಳ ಮೂಲಕ ಬೆಳೆಯಿತು. ಬೆಂಗಳೂರಿನಲ್ಲಿಯೂ 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್‌ನಂಥ ರಾಕ್ ತಂಡಗಳಿದ್ದವು. ಆದರೆ ಅವು ಹಾಡಿದ್ದು ಇಂಗ್ಲಿಷಿನಲ್ಲಿ. ಕನ್ನಡದ ಮಟ್ಟಿಗೆ ಆ ಹೊಸ ವಾದ್ಯಗಳು, ಆ ಹೊಸ ಲಯ ಬಂದು ನೆಲೆಸಿದ್ದು ಚಿತ್ರಗೀತೆಯಲ್ಲಿ. ಆದ್ದರಿಂದ ನಮ್ಮ ಪಾಪ್ ಸಂಗೀತದ ಚರಿತ್ರೆಯನ್ನು ಚಿತ್ರಗೀತೆಯಲ್ಲಿಯೇ ಹುಡುಕಬೇಕು.

ವಿಷಯವನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಆ ದಶಕದ ನಾದ ಹೇಗೆ ರೂಪುಗೊಂಡಿತು ಎಂಬುದು ಮೊದಲನೆಯದು. ರಾಷ್ಟ್ರಪ್ರಶಸ್ತಿ ಯಾವ ಹಾಡುಗಳಿಗೆ ಬಂತು, ಯಾಕೆ ಬಂತು ಎಂಬುದು ಎರಡನೆಯದು. ಇದೇ ಕಾಲದಲ್ಲಿ ಹೊರದೇಶಗಳ ರಾಕ್ ಸಂಗೀತಕ್ಕೆ ಏನಾಯಿತು ಎಂಬುದು ಮೂರನೆಯದು. ಇವೆಲ್ಲಕ್ಕೂ ನಮ್ಮ ಈ ನೆಲಕ್ಕೂ ಇರುವ ನಂಟು ನಾಲ್ಕನೆಯದು.

ಮೊದಲ ಭಾಗಕ್ಕೆ ಬರುತ್ತೇನೆ.

ತೊಂಬತ್ತರ ದಶಕದ ಹಾಡನ್ನು ಅರಿಯಬೇಕಾದರೆ 1987ರಿಂದ ಶುರು ಮಾಡಬೇಕು. ಆ ವರ್ಷ ವಿ. ರವಿಚಂದ್ರನ್ ಅವರ ‘ಪ್ರೇಮಲೋಕ’ ತೆರೆಗೆ ಬಂತು. ಸಂಗೀತ, ಸಾಹಿತ್ಯ ಎರಡೂ ಹಂಸಲೇಖ ಅವರದು. ಕಥೆಯ ಬಹುಭಾಗವನ್ನು ಹಾಡುಗಳೇ ಹೇಳುವ ಚಿತ್ರ ಅದು. ಎಲೆಕ್ಟ್ರಾನಿಕ್ ಕೀಬೋರ್ಡಿನ ದನಿ, ಯಂತ್ರದಿಂದ ನುಡಿಸಿದ ತಾಳ, ಗಿಟಾರಿನ ಸಣ್ಣ ಸಣ್ಣ ತುಣುಕುಗಳು ಅದರಲ್ಲಿ ತುಂಬಿದ್ದವು. ಹಾಡಿದವರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ, ಕೆ.ಜೆ. ಯೇಸುದಾಸ್ ಇದ್ದರು. ಲಹರಿ ಸಂಸ್ಥೆ ಹೊರತಂದ ಅದರ ಕ್ಯಾಸೆಟ್ಟು ಕರ್ನಾಟಕದ ಮೂಲೆಮೂಲೆಗೆ ಹೋಯಿತು. ಮರುವರ್ಷ ‘ರಣಧೀರ’, 1991ರಲ್ಲಿ ‘ರಾಮಾಚಾರಿ’, 1992ರಲ್ಲಿ ‘ಹಳ್ಳಿ ಮೇಷ್ಟ್ರು’ ಬಂದವು. ದಶಕ ನಡುಹಾದಿಗೆ ಬರುವ ಹೊತ್ತಿಗೆ ಕನ್ನಡದ ಕಿವಿಯೇ ಬದಲಾಗಿತ್ತು.

ಈ ಬದಲಾವಣೆಯಲ್ಲಿ ವಾದ್ಯಗಳ ಪಾತ್ರ ದೊಡ್ಡದು, ನಿಜ. ಅದಕ್ಕೂ ಮುಖ್ಯವಾದದ್ದು ಮಾತಿನ ಬದಲಾವಣೆ ಎಂದು ನಾನು ತಿಳಿದಿದ್ದೇನೆ. ಅಲ್ಲಿಯವರೆಗೆ ಚಿತ್ರಗೀತೆಗೆ ಬಹುಪಾಲು ಒಬ್ಬರು ಸ್ವರ ಹಾಕುತ್ತಿದ್ದರು, ಇನ್ನೊಬ್ಬರು ಪದ ಬರೆಯುತ್ತಿದ್ದರು. ಹಂಸಲೇಖ ಅವರಲ್ಲಿ ಎರಡೂ ಕೆಲಸ ಒಂದೇ ತಲೆಯಲ್ಲಿ ನಡೆದವು. ಆಡುಮಾತಿನಲ್ಲಿ ಎಲ್ಲಿ ಒತ್ತು ಬೀಳುತ್ತದೆಯೋ ಅಲ್ಲಿಯೇ ತಾಳದ ಪೆಟ್ಟು ಬಿತ್ತು. ಹುಡುಗ ಕೇಳುತ್ತಾನೆ, ಹುಡುಗಿ ಉತ್ತರ ಕೊಡುತ್ತಾಳೆ, ಗೆಳೆಯರ ಗುಂಪು ನಡುವೆ ಬಾಯಿ ಹಾಕುತ್ತದೆ; ಇಡೀ ಹಾಡು ಸಂಭಾಷಣೆಯಾಗುತ್ತದೆ. ಕಾಲೇಜು ಮೆಟ್ಟಿಲು ಹತ್ತದ ಹುಡುಗನಿಗೂ ಆ ಪದಗಳನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೀಬೋರ್ಡನ್ನು ಬೇರೆ ಭಾಷೆಗಳವರೂ ತಂದರು. ಆ ಯಂತ್ರದ ತಾಳಕ್ಕೆ ಕನ್ನಡದ ಆಡುಮಾತನ್ನು ಕೂಡಿಸಿದ್ದು ಮಾತ್ರ ಕನ್ನಡದ್ದೇ ಸಾಧನೆ.

ಕ್ಯಾಸೆಟ್ಟಿನ ಪಾತ್ರವನ್ನೂ ಇಲ್ಲಿ ಹೇಳಬೇಕು. ರೇಡಿಯೋದಲ್ಲಿ ಬೇಕಾದ ಹಾಡಿಗೆ ಕಾಯಬೇಕಾಗಿತ್ತು. ಕ್ಯಾಸೆಟ್ಟು ಬಂದ ಮೇಲೆ ಒಂದೇ ಹಾಡನ್ನು ಹಿಂದಕ್ಕೆ ತಿರುಗಿಸಿ ಹತ್ತು ಸಲ ಕೇಳಬಹುದಾಯಿತು. ರಾಯಚೂರು–ವಾಡಿ ರೈಲುಮಾರ್ಗದ ಮೇಲಿರುವ ನಮ್ಮ ಸೈದಾಪುರದಂಥ ಊರುಗಳಿಗೆ ಕನ್ನಡ, ತೆಲುಗು, ಹಿಂದಿ ಮೂರೂ ಭಾಷೆಗಳ ಹಾಡು ಒಟ್ಟಿಗೆ ಬಂದು ಸೇರಿದವು. ಗಡಿಯ ಈ ಭಾಗದಲ್ಲಿ ಕನ್ನಡದ ಹಾಡು ತೆಲುಗಿನ ಹಾಡಿನ ಜೊತೆ ದಿನವೂ ಪೈಪೋಟಿಗೆ ನಿಲ್ಲಬೇಕಾಗಿತ್ತು. ಆ ಪೈಪೋಟಿಯಲ್ಲಿ ನಮ್ಮ ಹುಡುಗರ ನಾಲಿಗೆಯ ಮೇಲೆ ಕನ್ನಡವನ್ನು ಉಳಿಸಿದ ಕೆಲಸದಲ್ಲಿ ಈ ಹೊಸ ಹಾಡುಗಳಿಗೂ ದೊಡ್ಡ ಪಾಲಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಇನ್ನು ಎರಡನೆಯ ಭಾಗ. ಇಷ್ಟೆಲ್ಲ ಬದಲಾವಣೆ ನಡೆದ ದಶಕದಲ್ಲಿ ರಾಷ್ಟ್ರಪ್ರಶಸ್ತಿ ಬಂದದ್ದು ಯಾವ ಹಾಡುಗಳಿಗೆ?

1992ನೇ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ ಡಾ. ರಾಜ್‌ಕುಮಾರ್ ಅವರಿಗೆ ಬಂತು. ಚಿತ್ರ ‘ಜೀವನ ಚೈತ್ರ’, ಹಾಡು ‘ನಾದಮಯ’, ಸಂಗೀತ ಉಪೇಂದ್ರ ಕುಮಾರ್ ಅವರದು. ತೋಡಿ ರಾಗದ ನೆಲೆಯಲ್ಲಿ ಕಟ್ಟಿದ, ಉಸಿರಿಗೂ ಶ್ರುತಿಗೂ ಪರೀಕ್ಷೆಯಂತಿರುವ ಹಾಡು ಅದು. ಆಗ ಅವರ ವಯಸ್ಸು ಅರವತ್ತು ದಾಟಿತ್ತು. ನಟನೆಗೆ ಅವರಿಗೆ ಎಂದೂ ಬಾರದ ರಾಷ್ಟ್ರಪ್ರಶಸ್ತಿ ಗಾಯನಕ್ಕೆ ಬಂತು. ವೃತ್ತಿ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತ, ರಂಗಗೀತೆ ಹಾಡುತ್ತ ಬೆಳೆದ ಕಂಠ ಅದು. 1974ರ ‘ಸಂಪತ್ತಿಗೆ ಸವಾಲ್’ನಿಂದ ಮುಂದೆ ಅವರು ತಮ್ಮ ಚಿತ್ರಗಳಿಗೆ ತಾವೇ ಹಾಡತೊಡಗಿದ್ದರು. ಹೀಗಾಗಿ ಆ ಪ್ರಶಸ್ತಿಯಲ್ಲಿ ನಾಟಕ ಕಂಪನಿಗಳ ಪಾಲೂ ಇದೆ.

ಮೂರು ವರ್ಷ ಬಿಟ್ಟು, 1995ನೇ ಸಾಲಿನಲ್ಲಿ, ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ ಎರಡು ಪ್ರಶಸ್ತಿಗಳು ಬಂದವು. ಸಂಗೀತ ನಿರ್ದೇಶನಕ್ಕೆ ಹಂಸಲೇಖ ಅವರಿಗೆ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ. ಎಸ್.ಪಿ.ಬಿ. ಪಡೆದ ಆರು ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡ ಚಿತ್ರಕ್ಕೆ ಸಂದದ್ದು ಇದೊಂದೇ. ಹಾಡು ‘ಉಮಂಡ್ ಘುಮಂಡ್’, ಹಿಂದೂಸ್ತಾನಿ ಬಂದಿಶ್ ರೂಪದ್ದು. ಕ್ರಮಬದ್ಧವಾಗಿ ಶಾಸ್ತ್ರೀಯ ಸಂಗೀತ ಕಲಿಯದ ಗಾಯಕರೊಬ್ಬರು ಹಿಂದೂಸ್ತಾನಿ ಗವಾಯಿಯ ಬದುಕಿನ ಹಾಡಿಗೆ ದೇಶದ ಅತ್ಯುತ್ತಮ ಗಾಯಕರೆನಿಸಿಕೊಂಡದ್ದು ಅವರ ಕಿವಿಯ ಸೂಕ್ಷ್ಮಕ್ಕೂ ದುಡಿಮೆಗೂ ಸಾಕ್ಷಿ.

ಇಲ್ಲಿ ಸಭಿಕರು ಒಂದು ಸಂಗತಿಯನ್ನು ಗಮನಿಸಬೇಕೆಂದು ಕೋರುತ್ತೇನೆ. ಅದೇ 1995ರಲ್ಲಿ ಉಪೇಂದ್ರ ನಿರ್ದೇಶನದ ‘ಓಂ’ ಬಂತು. ಬೆಂಗಳೂರಿನ ಭೂಗತ ಲೋಕದ ಕಥೆ. ಅದರ ಸಂಗೀತವೂ ಹಂಸಲೇಖ ಅವರದೇ. ಒಂದೇ ವರ್ಷ, ಒಂದೇ ಲೇಖನಿ, ಒಂದೇ ಹಾರ್ಮೋನಿಯಂ. ಒಂದು ಕಡೆ ರೌಡಿಗಳ ಕಥೆಗೆ ಅಬ್ಬರದ ಲಯ, ಇನ್ನೊಂದು ಕಡೆ ಗದುಗಿನ ಗವಾಯಿಯ ಆಲಾಪ. ಪ್ರಶಸ್ತಿ ಬಂದದ್ದು ಎರಡನೆಯದಕ್ಕೆ. ಕನ್ನಡ ಹಾಡಿಗೆ ಹೊಸ ಲಯ ಕಲಿಸಿದವರಿಗೆ ಆ ಹೊಸ ಲಯಕ್ಕಾಗಿ ರಾಷ್ಟ್ರಪ್ರಶಸ್ತಿ ಬರಲಿಲ್ಲ. ಅದನ್ನು ಬದಿಗಿಟ್ಟು ತಂಬೂರಿ ಹಿಡಿದಾಗ ಬಂತು.

ಇದು ಆಕಸ್ಮಿಕವೇ ಎಂದು ಕೇಳಿಕೊಂಡು ಹಿಂದಿನ ವರ್ಷಗಳನ್ನು ನೋಡಿದರೆ ಒಂದು ಸಾಲು ಕಾಣುತ್ತದೆ. 1975ರ ಸಾಲಿಗೆ ‘ಹಂಸಗೀತೆ’ಯ ಗಾಯನಕ್ಕಾಗಿ ಎಂ. ಬಾಲಮುರಳೀಕೃಷ್ಣ. 1976 ಮತ್ತು 1977ರಲ್ಲಿ ‘ಋಷ್ಯಶೃಂಗ’, ‘ಘಟಶ್ರಾದ್ಧ’ಗಳ ಸಂಗೀತಕ್ಕಾಗಿ ಬಿ.ವಿ. ಕಾರಂತ. 1978ರಲ್ಲಿ ಚಂದ್ರಶೇಖರ ಕಂಬಾರರ ‘ಕಾಡುಕುದುರೆ’ಯ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣ. 1986ರಲ್ಲಿ ‘ಮಧ್ವಾಚಾರ್ಯ’ದ ಸಂಗೀತಕ್ಕಾಗಿ ಮತ್ತೆ ಬಾಲಮುರಳೀಕೃಷ್ಣ. ಇವರೆಲ್ಲರೂ ಅರ್ಹರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವರೆಲ್ಲರ ಹಾಡಿನ ಬೇರು ರಾಗದಲ್ಲಿದೆ, ಇಲ್ಲವೇ ರಂಗಭೂಮಿಯಲ್ಲಿದೆ, ಇಲ್ಲವೇ ಜನಪದದಲ್ಲಿದೆ. ಕನ್ನಡದ ಪೇಟೆ ಹಾಡು, ಹರೆಯದ ಹಾಡು, ಕುಣಿತದ ಹಾಡು ಈ ಸಾಲಿನಲ್ಲಿಲ್ಲ.

ತೀರ್ಪುಗಾರರಿಗೆ ಹೊಸ ನಾದ ಕೇಳಿಸಲೇ ಇಲ್ಲ ಎಂದು ಹೇಳಿದರೆ ಅನ್ಯಾಯವಾಗುತ್ತದೆ. ರಾಜ್‌ಕುಮಾರ್ ಅವರಿಗೆ ಪ್ರಶಸ್ತಿ ಬಂದ ಅದೇ 1992ರ ಸಾಲಿನಲ್ಲಿ ಸಂಗೀತ ನಿರ್ದೇಶನದ ಪ್ರಶಸ್ತಿ ‘ರೋಜಾ’ ಚಿತ್ರಕ್ಕಾಗಿ ಎ.ಆರ್. ರೆಹಮಾನ್ ಅವರಿಗೆ ಬಂತು. ಅದು ಅವರ ಮೊದಲ ದೊಡ್ಡ ಚಿತ್ರ. ಕಂಪ್ಯೂಟರು, ಕೀಬೋರ್ಡುಗಳ ನಾದಕ್ಕೆ ದೇಶ ಕೊಟ್ಟ ಮನ್ನಣೆ. ಹಾಗಾದರೆ ಹಂಸಲೇಖ ಅವರ ಪಾಪ್ ಹಾಡಿಗೆ ಅದು ಯಾಕೆ ದಕ್ಕಲಿಲ್ಲ?

ನನ್ನ ಉತ್ತರ ಇದು. ರೆಹಮಾನ್ ಅವರ ಹೊಸತನ ನಾದದಲ್ಲಿತ್ತು. ಭಾಷೆ ಬಾರದವರಿಗೂ ಅದು ಕೇಳಿಸಿತು. ಹಂಸಲೇಖ ಅವರ ಹೊಸತನ ಅರ್ಧ ನಾದದಲ್ಲಿ, ಅರ್ಧ ಮಾತಿನಲ್ಲಿತ್ತು. ಆಡುಮಾತಿನ ಒತ್ತು ತಾಳದ ಮೇಲೆ ಎಷ್ಟು ಚೆಂದ ಕೂತಿದೆ ಎಂಬುದು ಕನ್ನಡ ಬಲ್ಲವರಿಗೆ ಮಾತ್ರ ತಿಳಿಯುತ್ತದೆ. ಹಲವು ಭಾಷೆಗಳ ಚಿತ್ರಗಳನ್ನು ಒಂದೇ ಮಂಡಳಿ ಕೂತು ನೋಡುವಾಗ ರಾಗ ತಲುಪುತ್ತದೆ, ಕಂಠ ತಲುಪುತ್ತದೆ, ಮಾತಿನ ಸೊಗಸು ದಾರಿಯಲ್ಲೇ ಉಳಿದುಬಿಡುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ದೂರದಿಂದ ಕೇಳುವವರಿಗೆ ಏನು ಕೇಳಿಸುತ್ತದೆಯೋ ಅದಕ್ಕೆ ಪ್ರಶಸ್ತಿ ಬರುತ್ತದೆ. ಹತ್ತಿರದಿಂದ ಕೇಳಿದ್ದನ್ನು ದಾಖಲಿಸುವ ಹೊಣೆ ಆ ಭಾಷೆಯವರದು.

ಈಗ ಮೂರನೆಯ ಭಾಗ. ಇದು ಕನ್ನಡದ್ದಷ್ಟೇ ಕಥೆಯೇ ಎಂದು ನೋಡಲು ಅಮೆರಿಕದ ಗ್ರ್ಯಾಮಿ ಪ್ರಶಸ್ತಿಗಳ ಕಡೆ ಸ್ವಲ್ಪ ಹೊತ್ತು ತಿರುಗೋಣ. ಅಲ್ಲಿ ಸಣ್ಣ ತೀರ್ಪುಗಾರರ ಮಂಡಳಿಯ ಬದಲು ಸಂಗೀತ ಕ್ಷೇತ್ರದ ಸದಸ್ಯರೇ ಮತ ಹಾಕುತ್ತಾರೆ. ತೊಂಬತ್ತರ ದಶಕದ ರಾಕ್ ಸಂಗೀತದ ದಿಕ್ಕನ್ನೇ ತಿರುಗಿಸಿದ ಆಲ್ಬಮ್ ನಿರ್ವಾಣ ಎಂಬ ತಂಡದ ‘ನೆವರ್‌ಮೈಂಡ್’. 1991ರಲ್ಲಿ ಬಂತು. ವಿದ್ಯುತ್ ಗಿಟಾರಿನ ಗುಡುಗು, ಹರೆಯದ ಸಿಟ್ಟು, ನೋವು ಎಲ್ಲ ಅದರಲ್ಲಿತ್ತು. ಅದಕ್ಕೆ ಗ್ರ್ಯಾಮಿ ಸಿಗಲಿಲ್ಲ. ತಂಡದ ಗಾಯಕ ಕರ್ಟ್ ಕೊಬೇನ್ 1994ರಲ್ಲಿ ತೀರಿಕೊಂಡರು. ತಂಡಕ್ಕೆ ಸ್ಪರ್ಧೆಯ ವಿಭಾಗದಲ್ಲಿ ಬಂದ ಗ್ರ್ಯಾಮಿ ಒಂದೇ, ಅದು 1996ರಲ್ಲಿ, ಎಂಟಿವಿಗಾಗಿ ಅಬ್ಬರ ತಗ್ಗಿಸಿ, ಕೂತು ಹಾಡಿದ ‘ಅನ್‌ಪ್ಲಗ್ಡ್’ ಆಲ್ಬಮ್ಮಿಗೆ. ಅದರಲ್ಲಿ ಲೆಡ್‌ಬೆಲ್ಲಿ ಎಂಬ ಹಿಂದಿನ ತಲೆಮಾರಿನ ಕಪ್ಪು ಜನಾಂಗದ ಗಾಯಕ ಹಾಡುತ್ತಿದ್ದ ಜಾನಪದ ಹಾಡೂ ಇದೆ.

ಎರಿಕ್ ಕ್ಲಾಪ್ಟನ್ ಅವರ ಉದಾಹರಣೆಯೂ ಇದೇ ಬಗೆಯದು. ವಿದ್ಯುತ್ ಗಿಟಾರಿಗೆ ಜಗತ್ತಿನಲ್ಲೇ ಹೆಸರಾದ ಅವರು 1993ರಲ್ಲಿ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪಡೆದದ್ದು ಮರದ ಗಿಟಾರು ಹಿಡಿದು ಹಾಡಿದ ‘ಅನ್‌ಪ್ಲಗ್ಡ್’ ಆಲ್ಬಮ್ಮಿಗೆ. ನಮ್ಮ ಪಂಡಿತ ವಿಶ್ವಮೋಹನ ಭಟ್ ಅವರಿಗೆ 1994ರಲ್ಲಿ ರೈ ಕೂಡರ್ ಜೊತೆಗೆ ಬಂದ ಗ್ರ್ಯಾಮಿಯೂ ಗಿಟಾರನ್ನು ಹಿಂದೂಸ್ತಾನಿ ರಾಗಕ್ಕೆ ಒಗ್ಗಿಸಿದ ಮೋಹನವೀಣೆಯ ವಾದನಕ್ಕೆ. ಹೊಸ ನಾದ ತನ್ನ ಹಳೆಯ ಬೇರನ್ನು ತೋರಿಸಿದಾಗ ಗಂಭೀರ ಮನ್ನಣೆ ಬೇಗ ಸಿಗುತ್ತದೆ. ಹೊಸತಾಗಿ ಚಿಗುರಿದ್ದನ್ನು ಗುರುತಿಸಲು ಮಾತ್ರ ಕಾಲ ಹಿಡಿಯುತ್ತದೆ. ಈ ಮಾತು ಲಾಸ್ ಏಂಜಲೀಸಿಗೂ ನಿಜ, ದೆಹಲಿಗೂ ನಿಜ.

ಇಷ್ಟು ಹೇಳಿದ ಮೇಲೆ ನಾಲ್ಕನೆಯ ಭಾಗಕ್ಕೆ, ನಮ್ಮ ನೆಲಕ್ಕೆ, ಬರುತ್ತೇನೆ. ಪ್ರಶಸ್ತಿ ಗುರುತಿಸಿದ ಆ ಹಳೆಯ ಬೇರು ಎಲ್ಲಿದೆ? ಅದು ಇಲ್ಲಿದೆ, ಈ ಸಭೆಯಲ್ಲಿ ಕೂತವರಲ್ಲಿದೆ.

ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಕಣ್ಣು ಕಾಣದ ಆ ಮಗುವನ್ನು ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದು ಸಂಗೀತ ಕಲಿಯುವ ಏರ್ಪಾಡು ಮಾಡಿದರು. ಕರ್ನಾಟಕಿ, ಹಿಂದೂಸ್ತಾನಿ ಎರಡರಲ್ಲಿಯೂ ಪಳಗಿದ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಅಂಧರಿಗೂ ಬಡಮಕ್ಕಳಿಗೂ ಅನ್ನ ಮತ್ತು ವಿದ್ಯೆ ಒಟ್ಟಿಗೆ ಕೊಟ್ಟರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಕೆಲಸವನ್ನು ಮುನ್ನಡೆಸಿದರು. ಶ್ರಾವಣ ಮಾಸದಲ್ಲಿ ನಮ್ಮ ಹಳ್ಳಿಗಳ ಗುಡಿಗಳಲ್ಲಿ ಪುರಾಣ ಹಚ್ಚುತ್ತಾರಲ್ಲ, ಅಲ್ಲಿ ಶಾಸ್ತ್ರಿಗಳ ಪಕ್ಕದಲ್ಲಿ ಕೂತು ಹಾರ್ಮೋನಿಯಂ ನುಡಿಸಿ ಹಾಡುವ ಗವಾಯಿಗಳು, ತಬಲಾ ಸಾಥ್ ಕೊಡುವವರು ಹೆಚ್ಚಾಗಿ ಈ ಪರಂಪರೆಯಿಂದಲೇ ಬಂದವರು. ದೆಹಲಿಯ ತೀರ್ಪುಗಾರರು 1995ರ ಚಿತ್ರದಲ್ಲಿ ಕೇಳಿ ಮೆಚ್ಚಿದ ಸಂಗೀತವನ್ನು ನಮ್ಮ ತಾಯಂದಿರು ಪುರಾಣದ ಕಟ್ಟೆಯ ಕೆಳಗೆ ಕೂತು ತಲೆಮಾರುಗಳಿಂದ ಕೇಳುತ್ತ ಬಂದಿದ್ದಾರೆ.

ಎರಡನೆಯ ಬೇರು ತತ್ವಪದ. ದಶಕದ ಬಾಗಿಲಲ್ಲೇ, 1990ರ ಸಾಲಿನಲ್ಲಿ, ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಪಡೆಯಿತು. ಸಿ. ಅಶ್ವಥ್ ಅವರ ಸಂಗೀತದಲ್ಲಿ ಶರೀಫರ ಪದಗಳು ನಗರದ ವೇದಿಕೆಗೆ, ಕ್ಯಾಸೆಟ್ಟಿಗೆ ಬಂದವು. ಮುಂದೆ ಕನ್ನಡದಲ್ಲಿ ರಾಕ್ ಕಟ್ಟಲು ಹೊರಟ ತರುಣರು ಗಿಟಾರಿನ ಜೊತೆ ಕೈಗೆತ್ತಿಕೊಂಡದ್ದೂ ಇದೇ ಶರೀಫರ ಪದಗಳನ್ನು. ಯಾದಗಿರಿ, ಶಹಾಪುರ, ಸುರಪುರದ ಜನರಿಗೆ ಈ ಹಾಡು ಹೊಸದಲ್ಲ. ತಿಂಥಣಿ ಮೌನೇಶ್ವರ, ಕೊಡೇಕಲ್ ಬಸವಣ್ಣ, ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲಸಾಹೇಬ, ಇವರ ಪದಗಳು ಏಕತಾರಿ, ದಮ್ಮಡಿಗಳ ಜೊತೆ ನಮ್ಮ ಭಜನೆಗಳಲ್ಲಿ ಉಳಿದಿವೆ. ಅಲಾಯಿ ಹಬ್ಬದ ರಿವಾಯತ್ ಪದಗಳಲ್ಲಿ ಹಿಂದೂ ಮುಸ್ಲಿಂ ಎಂಬ ಭೇದವಿಲ್ಲದೆ ದನಿ ಕೂಡುತ್ತದೆ. ಒಂದು ಚಿತ್ರಕ್ಕೆ ಭಾವೈಕ್ಯದ ಪ್ರಶಸ್ತಿ ತಂದ ಹಾಡಿನ ಬಗೆ ಇಲ್ಲಿ ದಿನನಿತ್ಯದ ರೂಢಿ.

ಮೂರನೆಯ ಉದಾಹರಣೆ ದಕ್ಷಿಣದ್ದು. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಅವರು ಮಲೆ ಮಹದೇಶ್ವರನ ಪರಂಪರೆಯ ಕೋಲುಮಂಡೆ ಜಂಗಮನ ಹಾಡನ್ನು ಹೊಸ ವಾದ್ಯಗಳ ಲಯಕ್ಕೆ ತಂದರು. ಅದನ್ನು ಹಾಡಿದ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯಪ್ರಶಸ್ತಿ ಬಂತು. ದೇವರಗುಡ್ಡರ ಹಾಡು ಕಾಲೇಜು ವಾರ್ಷಿಕೋತ್ಸವದ ಕುಣಿತದ ಹಾಡಾಯಿತು. ಪ್ರಶಸ್ತಿಗೆ ಸಂದದ್ದೂ ನಾಲಿಗೆಯಲ್ಲಿ ನಿಂತದ್ದೂ ಒಂದೇ ಆದ ಅಪರೂಪದ ಘಟನೆ ಇದು. ತೀರ್ಪು ಕೊಟ್ಟವರಿಗೆ ಕನ್ನಡ ಬರುತ್ತಿತ್ತು ಎಂಬುದನ್ನು ಮರೆಯಬಾರದು.

ಇಲ್ಲಿಗೆ ನನ್ನ ನಾಲ್ಕು ಭಾಗಗಳು ಮುಗಿದವು. ಇವುಗಳಿಂದ ನಾವು ಮಾಡಬೇಕಾದದ್ದೇನು ಎಂಬುದನ್ನು ಹೇಳಿ ಮಾತು ಮುಗಿಸುತ್ತೇನೆ.

ಮೊದಲನೆಯದು, ವಿದ್ಯಾರ್ಥಿಗಳಿಗೆ. ನಿಮ್ಮ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ ಇರುವ ಹಳೆಯ ಕ್ಯಾಸೆಟ್ಟುಗಳನ್ನು ಎಸೆಯಬೇಡಿ. ಅವುಗಳ ಹೊದಿಕೆಯ ಕಾಗದದಲ್ಲಿ ಪದ ಬರೆದವರ, ಸ್ವರ ಹಾಕಿದವರ, ಹಾಡಿದವರ ಹೆಸರುಗಳಿವೆ. ಇಂದು ಮೊಬೈಲಿನಲ್ಲಿ ಹಾಡು ಸಿಗುತ್ತದೆ, ಆ ಹೆಸರುಗಳು ಎಷ್ಟೋ ಸಲ ಸಿಗುವುದಿಲ್ಲ. ಅವನ್ನು ಪಟ್ಟಿ ಮಾಡಿ ಇಡುವುದು ಕನ್ನಡ ವಿಭಾಗದ ಒಳ್ಳೆಯ ಯೋಜನಾ ಕಾರ್ಯವಾಗಬಲ್ಲದು.

ಎರಡನೆಯದು, ಭಜನಾ ಮಂಡಳಿಗಳಿಗೆ ಮತ್ತು ಅಧ್ಯಾಪಕರಿಗೆ. ಹಿರಿಯ ಹಾಡುಗಾರರು ಹಾಡುವ ಪದಗಳನ್ನು, ಅವರ ಹೆಸರು, ಊರು, ಕಲಿಸಿದ ಗುರುವಿನ ಹೆಸರಿನ ಸಮೇತ, ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ. ನಾಳೆ ಒಬ್ಬ ಸಂಗೀತ ನಿರ್ದೇಶಕ ಆ ಹಾಡನ್ನು ತೆಗೆದುಕೊಂಡು ಪ್ರಶಸ್ತಿ ಪಡೆದರೆ ಸಂತೋಷವೇ. ಹಾಡಿಕೊಂಡು ಬಂದವರ ಹೆಸರೂ ಅದರ ಜೊತೆ ಹೋಗಬೇಕು.

ಮೂರನೆಯದು, ಸಂಸ್ಥೆಗಳಿಗೆ. ಗಾಯನ ಸ್ಪರ್ಧೆಗಳಲ್ಲಿ ಕಂಠಕ್ಕೆ ಬಹುಮಾನ ಕೊಡುತ್ತೇವೆ. ಹೊಸ ಪದ ಕಟ್ಟಿದವರಿಗೆ, ನಮ್ಮ ಸೈದಾಪುರದ ಮಾತನ್ನು ಹೊಸ ತಾಳಕ್ಕೆ ಕೂಡಿಸಿದವರಿಗೆ ಒಂದು ಬಹುಮಾನ ಇಡಿ. ‘ಹೋಗ್ಯಾನ’, ‘ಬಂದಾಳ’ ಎನ್ನುವ ನಮ್ಮ ನುಡಿಯ ಒತ್ತಿಗೆ ತಕ್ಕ ಲಯವನ್ನು ನಮ್ಮ ಮಕ್ಕಳೇ ಕಂಡುಕೊಳ್ಳಬೇಕು. ಮೈಸೂರು, ಬೆಂಗಳೂರಿನ ಆಡುಮಾತಿಗೆ ಹಂಸಲೇಖ ಅವರು ಮಾಡಿದ ಕೆಲಸವನ್ನು ನಮ್ಮ ಆಡುಮಾತಿಗೆ ಮಾಡುವವರು ಈ ಸಭಾಂಗಣದಲ್ಲಿಯೇ ಇರಬಹುದು.

ದೆಹಲಿಯ ಪ್ರಶಸ್ತಿಯನ್ನು ನಾವು ಹೆಮ್ಮೆಯಿಂದ ಸ್ವೀಕರಿಸೋಣ. ರಾಜ್‌ಕುಮಾರ್ ಅವರ ‘ನಾದಮಯ’ವೂ, ಗವಾಯಿಗಳ ಚಿತ್ರದ ಆಲಾಪವೂ ಆ ಗೌರವಕ್ಕೆ ಪೂರ್ಣ ಅರ್ಹವಾದವು. ಅದರ ಜೊತೆಗೆ, ಪ್ರಶಸ್ತಿಯ ಪಟ್ಟಿಗೆ ಬಾರದೆ ನಮ್ಮ ಬಾಯಲ್ಲಿ ಕನ್ನಡವನ್ನು ಉಳಿಸಿದ ಹಾಡುಗಳಿಗೂ ಇಂಥ ವೇದಿಕೆಗಳಲ್ಲಿ, ಪಠ್ಯಗಳಲ್ಲಿ, ಸಂಶೋಧನೆಯಲ್ಲಿ ಜಾಗ ಕೊಡೋಣ. ಎರಡನ್ನೂ ಒಟ್ಟಿಗಿಟ್ಟು ಬರೆದಾಗ ಮಾತ್ರ ತೊಂಬತ್ತರ ದಶಕದ ಕನ್ನಡ ಹಾಡಿನ ಚರಿತ್ರೆ ಪೂರ್ಣವಾಗುತ್ತದೆ. ಆ ಬರವಣಿಗೆ ಈ ವರ್ಷವೇ, ಇಲ್ಲಿಂದಲೇ ಶುರುವಾಗಲಿ ಎಂದು ಹಾರೈಸುತ್ತೇನೆ.